ನನ್ನ ಹೆಸರಿನ ಫೈಲು

ಸೆಪ್ಟೆಂಬರ್ 8, ಸೋಮವಾರ

ವಕೀಲ ವೀರಭದ್ರಯ್ಯನವರ ಆಫೀಸಿನಿಂದ ಬಂದವಳೇ ಬಚ್ಚಲಿಗೆ ಹೋಗಿ ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಂಡೆ. ಅವರ ಮೇಜಿನ ಮೇಲೆ ಪೊಲೀಸರು ತೆಗೆದ ಫೋಟೋಗಳು ಹರಡಿದ್ದವು. ಹೂವಿನ ಚಿಕ್ಕಮುನಿಯಮ್ಮನ ತಲೆ, ಬೋರಲಾದ ಬುಟ್ಟಿ, ಟಾರಿನ ಮೇಲೆ ಮಲ್ಲಿಗೆ. ವಕೀಲರು ಆ ಫೋಟೋಗಳ ಮೇಲೇ ಬೋಂಡದ ಪೊಟ್ಟಣ ಬಿಚ್ಚಿ ತಗೊಳ್ಳಿ ಅಂದರು. ನನ್ನ ಗಂಡ ಮಹಾನಂದ ತಗೊಂಡರು. ಎರಡು ತಿಂದರು. ಎಣ್ಣೆ ಬೆರಳನ್ನು ಒಂದು ಫೋಟೋದ ಅಂಚಿಗೇ ಒರೆಸಿದ್ದನ್ನು ಕಣ್ಣಾರೆ ನೋಡಿದೆ. (ಇಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ. ಬಾಯಲ್ಲಂತೂ ಹದಿನೇಳು ವರ್ಷದಿಂದ 'ರೀ'.)

ಸಾಕ್ಷಿ ಹೇಳುವಾಗ ತಡವರಿಸಬಾರದು, ಎಲ್ಲವನ್ನೂ ಮೊದಲಿನಿಂದ ನೆನಪು ಮಾಡಿ ಬರೆಯಿರಿ ಎಂದಿದ್ದರು ವಕೀಲರು. ನಾಲ್ಕು ಹಾಳೆ ಬರೆದುಕೊಟ್ಟೆ. ಅದು ಅವರಿಗೆ ಬೇಕಾದದ್ದು. ಇದು ಹಳೆಯ ಪಾಠ ಟಿಪ್ಪಣಿ ಪುಸ್ತಕದ ಹಿಂದಿನ ಪುಟಗಳು. ಇದನ್ನು ಯಾರಿಗೂ ಕೊಡಬೇಕಾಗಿಲ್ಲ.

ನಡೆದದ್ದು ಇಷ್ಟು. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಆರೂವರೆಗೆ, ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯ ಮೂಲೆಯಲ್ಲಿ, ಮಹಾನಂದರ ಅಣ್ಣ ಮನೋಹರ ಚಿಕ್ಕಮುನಿಯಮ್ಮನನ್ನು ಹೊಡೆದು ಕೊಂದ. ಬಳೇಪೇಟೆಯ ನಮ್ಮ ಬಳೆ ಅಂಗಡಿಯ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆಯಿಂದ. ಆಕೆ ನಮ್ಮ ಮನೆಗೆ ಇಪ್ಪತ್ತೆರಡು ವರ್ಷ ಹೂವು ಕೊಟ್ಟವಳು. ಅವನು ಓಡಿಹೋಗಲಿಲ್ಲ. ಬೀದಿ ನಲ್ಲಿಯ ಕೆಳಗೆ ಕೂತು ಅವಳ ಹೂವನ್ನೆಲ್ಲ ಒಂದೊಂದಾಗಿ ತೊಳೆಯುತ್ತಿದ್ದ. ಪೊಲೀಸರು ಬಂದಾಗ, ಇನ್ನು ಭಯವಿಲ್ಲ, ಎಲ್ಲರೂ ಕುಡಿಯಬಹುದು ಎಂದನಂತೆ.

ಕೊಂದದ್ದನ್ನು ಯಾರೂ ಇಲ್ಲವೆನ್ನುತ್ತಿಲ್ಲ. ಹುಚ್ಚಿನಲ್ಲಿ ಕೊಂದ ಎಂದು ತೋರಿಸಿದರೆ ಶಿಕ್ಷೆಯಿಲ್ಲ. ವೀರಭದ್ರಯ್ಯನವರು ಅದನ್ನು ಮೂರು ಸಲ ಬಿಡಿಸಿ ಹೇಳಿದರು. "ಮೊದ್ಲು ಹುಚ್ಚಿತ್ತು ಅಂದ್ರೆ ಸಾಲ್ದು, ಆಮೇಲೆ ಬಂತು ಅಂದ್ರೂ ಸಾಲ್ದು. ಕೈ ಎತ್ತಿದ ಆ ಗಳಿಗೇಲಿ ತಾನು ಏನು ಮಾಡ್ತಿದೀನಿ, ಅದು ತಪ್ಪು ಅಂತ ತಿಳೀತಿರ್ಲಿಲ್ಲ ಅನ್ಬೇಕು. ಅದನ್ನ ತೋರ್ಸೋ ಭಾರ ನಮ್ಮ ಮೇಲಿದೆ." ತೋರಿಸಲು ಕಾಗದಪತ್ರ ಬೇಕು. ಇರುವುದೆಲ್ಲ ನನ್ನ ಹೆಸರಿನಲ್ಲಿದೆ.

ಅಷ್ಟು ಜನ ಇದ್ದೂ ಆ ಮುದುಕಿಯನ್ನೇ ಯಾಕೆ ಎಂದು ಕೇಳಿದರು. ಯಾರಿಗೂ ಗೊತ್ತಿಲ್ಲ ಅಂದೆ. ಯಾರಿಗೂ ಗೊತ್ತಿಲ್ಲ.

ಸೆಪ್ಟೆಂಬರ್ 11, ಗುರುವಾರ

ನನ್ನ ಹೆಸರಿನ ಆ ಆಸ್ಪತ್ರೆ ಫೈಲಿನ ಕಥೆಯನ್ನು ಬರೆದೇ ಬಿಡುತ್ತೇನೆ.

ಹತ್ತು ವರ್ಷದ ಹಿಂದೆ ಮನೋಹರ ಕಿಟಕಿಗಳಿಗೆ ಪೇಪರು ಅಂಟಿಸತೊಡಗಿದ. ಪಕ್ಕದ ಮನೆಯ ರೇಡಿಯೋದಲ್ಲಿ ತನ್ನ ಹೆಸರು ಹೇಳುತ್ತಾರೆ ಎಂದ. ತಟ್ಟೆಯ ಅನ್ನವನ್ನು ಮೂಸಿ ನೋಡಿ ಉಣ್ಣುತ್ತಿದ್ದ. ಅದೇ ಹೊತ್ತಿಗೆ ನಾದಿನಿ ಚೈತನ್ಯಾಗೆ ತುಮಕೂರಿನ ಸಂಬಂಧ ಕುದುರುತ್ತಿತ್ತು. ಹುಡುಗನ ಕಡೆಯವರು ಹೆಣ್ಣಿನ ಮನೆಯ ಮೂರು ತಲೆಮಾರು ಜಾಲಾಡುವ ಪೈಕಿ. ಡಾಕ್ಟರ ಬಳಿ ಹೋಗಲೇಬೇಕು, ಆದರೆ ಯಾವ ರಿಜಿಸ್ಟರಿನಲ್ಲೂ ಮನೋಹರನ ಹೆಸರು ಬೀಳಬಾರದು ಎಂದರು ಅತ್ತೆ. ಮಹಾನಂದರದು ಪೇಟೆಯಲ್ಲಿ ಓಡಾಡುವ ಹೆಸರು, ಅದೂ ಬೇಡ. ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಹೇಳಿದರು: "ನಿನಗೇನಮ್ಮ, ಮಕ್ಕಳಾ ಮರಿಯಾ. ನಿನಗೆ ಹುಚ್ಚು ಅಂದ್ರೆ ಯಾರ ಮದುವೆ ನಿಲ್ಲುತ್ತೆ?"

ಮಹಾನಂದ ಪೇಪರು ಓದುತ್ತಿದ್ದರು. ಪುಟ ತಿರುವಿದರು.

ಹಾಗೆ ನಾನು ಊರಾಚೆಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರ ಎದುರು ಕೂತು, ನನಗೆ ಕಿವಿಯಲ್ಲಿ ಧ್ವನಿ ಕೇಳಿಸುತ್ತದೆ, ಊಟಕ್ಕೆ ವಿಷ ಹಾಕುತ್ತಾರೆ ಅನ್ನಿಸುತ್ತದೆ ಎಂದೆ. ಮೂರು ತಿಂಗಳಿಗೊಮ್ಮೆ, ಒಂಬತ್ತು ವರ್ಷ. ಮನೆಯಲ್ಲಿ ಅವನನ್ನು ಗಮನಿಸಿ, ಅಲ್ಲಿ ಹೋಗಿ ನನ್ನದೆಂದು ಹೇಳುವುದು. ಒಂದು ಸಲ ಕೈ ನಡುಗುತ್ತದೆ ಎಂದು ಹೇಳಿ ಚಾಚಿದೆ. ನಡುಕ ಇಲ್ವಲ್ಲ ಅಂದರು ಡಾಕ್ಟರು. ಬೇಕೆಂದೇ ನಡುಗಿಸಿದೆ. ಅವರು ನಂಬಿ ಬರೆದುಕೊಂಡರು. ಮಾತ್ರೆಯನ್ನು ಪುಡಿ ಮಾಡಿ ಬೆಳಗಿನ ಮಜ್ಜಿಗೆಗೆ ಹಾಕಿ ಅವನಿಗೆ ಕೊಡುವುದೂ ನನ್ನ ಪಾಲಿಗೇ ಬಂತು. ಚೈತನ್ಯಾ ಮದುವೆಯಾಗಿ ಅವಳ ಮಗು ಶಾಲೆಗೆ ಸೇರಿದ ಮೇಲೂ ಅದೇ. ಈಗ ಹೆಸರು ಬದಲಾಯಿಸಲು ಹೋದರೆ ಎಲ್ಲ ಹೊರಗೆ ಬರುತ್ತದೆ ಎಂದರು.

ಹೋದ ವರ್ಷ ಜನವರಿಯಲ್ಲಿ ಆ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ನಮ್ಮ ಶಾಲೆಯ ಗುಮಾಸ್ತರ ಹೆಂಡತಿ ನನ್ನನ್ನು ನೋಡಿದಳು. ಶೇಷಾದ್ರಿಪುರದ ಆ ಶಾಲೆಯಲ್ಲಿ ನನ್ನನ್ನು ಮುಖ್ಯೋಪಾಧ್ಯಾಯಿನಿ ಮಾಡುವ ಮಾತು ನಡೆದಿತ್ತು. ಅವತ್ತೇ ಎದ್ದು ಬಂದೆ. ಇನ್ನು ನಾನು ಹೋಗುವುದಿಲ್ಲ, ಬೇಕಾದವರು ಹೋಗಿ ಎಂದೆ. ಯಾರೂ ಹೋಗಲಿಲ್ಲ. ಮಹಾನಂದ ಹೋಗಲಿಲ್ಲ, ಅತ್ತೆ ಹೋಗಲಿಲ್ಲ. ಮನೆಯಲ್ಲಿ ಮಾತ್ರೆ ಮುಗಿದದ್ದು ಎಲ್ಲರಿಗೂ ಗೊತ್ತಿತ್ತು. ಏಪ್ರಿಲ್ ತನಕ ಬಾಯಿ ಮುಚ್ಚಿಕೊಂಡು ಕೂತರು. ಇಂಥ ಜನ.

ಸೆಪ್ಟೆಂಬರ್ 19, ಶುಕ್ರವಾರ

ಡಾಕ್ಟರು ಸಾಕ್ಷಿಗೆ ಬರುವುದಿಲ್ಲವಂತೆ. ನನ್ನ ಪೇಶೆಂಟು ಆ ಹೆಂಗಸು, ಆಕೆಯ ಭಾವ ಯಾರೋ ನನಗೆ ಗೊತ್ತಿಲ್ಲ ಎಂದರಂತೆ. ಅವರನ್ನು ಬೈಯಲು ಬಾಯಿ ಬರುತ್ತಿಲ್ಲ.

ಅತ್ತೆಯದು ಇನ್ನೊಂದು ರಾಗ. ಹುಚ್ಚು ಅನ್ನಬೇಡಿ, ಅವತ್ತು ಒಂದಿನ ಬಿಸಿಲು ತಲೆಗೇರಿತ್ತು ಅನ್ನಿ ಎಂದು ವಕೀಲರಿಗೆ ಹೇಳಿಕೊಟ್ಟರು. ಬೆಳಿಗ್ಗೆ ಆರೂವರೆಗೆ ಎಂಥ ಬಿಸಿಲು ಎಂದು ನಾನು ಕೇಳಿದೆ. ವಕೀಲರು ನಕ್ಕರು. ಅತ್ತೆ ಅವತ್ತಿಂದ ನನ್ನ ಕೈಯಿಂದ ನೀರೂ ತಗೊಳ್ಳುತ್ತಿಲ್ಲ. ಒಳ್ಳೆಯದೇ ಆಯಿತು.

ಅಕ್ಟೋಬರ್ 1, ಬುಧವಾರ

ಅಂಗಡಿಯಲ್ಲಿ ಆಯುಧಪೂಜೆ. ಹಳೆಯ ಕೊಕ್ಕೆ ಕೋರ್ಟಿನಲ್ಲಿ ಚೀಟಿ ಅಂಟಿಸಿಕೊಂಡು ಕೂತಿದೆ. ಹೊಸದೊಂದನ್ನು ತಂದಿದ್ದಾರೆ, ಅದೇ ಉದ್ದ, ಅದೇ ತೂಕ. ತಕ್ಕಡಿ, ಕತ್ತರಿ, ಸ್ಕೂಟರಿನ ಜೊತೆಗೆ ಅದಕ್ಕೂ ವಿಭೂತಿ ಬಳಿದು ಹೂವಿಟ್ಟರು. ಎಲ್ಲರ ಹಾಗೆ ನನಗೂ ಅದಕ್ಕೆ ಆರತಿ ಎತ್ತು ಅಂದರು. ತಟ್ಟೆಯನ್ನು ಕೆಳಗಿಟ್ಟು ಆಚೆ ಬಂದು ಮೋರಿಯ ಅಂಚಿನಲ್ಲಿ ವಾಂತಿ ಮಾಡಿಕೊಂಡೆ. ಬಿಸಿಲಿಗಿರಬೇಕು ಅಂದರು ಪಕ್ಕದ ಅಂಗಡಿಯವರು. ನಮ್ಮ ಮನೆಯ ಸಹವಾಸ ಅವರಿಗೂ ಹತ್ತಿದೆ.

ಹೂವು ಈಗ ಮಾರ್ಕೆಟ್ಟಿನಿಂದ ಬರುತ್ತದೆ. ಚಿಕ್ಕಮುನಿಯಮ್ಮನ ಜಾಗದಲ್ಲಿ ಅವಳ ಮಗಳು ಕೋಕಿಲಾ ಕೂರುತ್ತಾಳೆ. ಮಹಾನಂದ ಆ ಮೂಲೆ ಬಂದಾಗ ಫೋನು ಕಿವಿಗೆ ಹಿಡಿದು ರಸ್ತೆ ದಾಟುತ್ತಾರೆ. ಆ ಕಡೆ ಯಾರೂ ಮಾತಾಡುತ್ತಿರುವುದಿಲ್ಲ. ನಾನೂ ದಾಟುತ್ತೇನೆ, ಆದರೆ ನಾಟಕ ಮಾಡುವುದಿಲ್ಲ.

ಅಕ್ಟೋಬರ್ 27, ಸೋಮವಾರ

ನನ್ನ ಸಾಕ್ಷಿ ನವೆಂಬರ್ ಹನ್ನೆರಡಕ್ಕೆ.

ಮನೋಹರ ಜೈಲಿನಲ್ಲಿ ಚೆನ್ನಾಗಿದ್ದಾನಂತೆ. ಹೋದ ವಾರ ಕೋರ್ಟಿಗೆ ಕರೆತಂದಾಗ ಗಡ್ಡ ಬೋಳಿಸಿಕೊಂಡು, ಅಂಗಿ ಒಳಗೆ ಸಿಗಿಸಿಕೊಂಡು ಬಂದು ಜಡ್ಜಿಗೆ ಕೈ ಮುಗಿದನಂತೆ. ಅಲ್ಲಿ ಅವನಿಗೆ ದಿನಾ ಮಾತ್ರೆ ಕೊಡುತ್ತಾರೆ. ನೋಡೋಕೆ ಇಷ್ಟು ಸರಿಯಾಗಿದ್ದರೆ ನಮಗೇ ತೊಂದರೆ ಎಂದರಂತೆ ವೀರಭದ್ರಯ್ಯ. ಅವರು ಅಷ್ಟೇ ಹೇಳಿದ್ದು. ಮುಂದಿನದು ಮಹಾನಂದರ ಸ್ವಂತ ಬುದ್ಧಿ.

ಇವತ್ತು ಊಟಕ್ಕೆ ಕೂತಾಗ ಅಮ್ಮನಿಗೆ ಹೇಳುತ್ತಿದ್ದರು. ಜೈಲಿಗೆ ಹೋಗಿ, ಹನ್ನೆರಡನೇ ತಾರೀಖಿನ ತನಕ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗಿದುಬಿಡು ಎಂದು ಅಣ್ಣನಿಗೆ ಹೇಳಿಬಂದಿದ್ದಾರೆ. ಜಡ್ಜು ಅವನನ್ನು ಕೆಟ್ಟ ಸ್ಥಿತಿಯಲ್ಲಿ ನೋಡಬೇಕಂತೆ. ಅತ್ತೆ ತುಪ್ಪ ಬಡಿಸುತ್ತ ಹೂಂ ಅಂದರು.

ಮಾತ್ರೆ ಬಿಟ್ಟಾಗ ಏನಾಯಿತು ಎಂದು ಮರೆತುಹೋಯಿತಾ ಎಂದು ಕೇಳಿದೆ. ಅದಕ್ಕೆ ಮಹಾನಂದ, "ಅಲ್ಲಿ ಕೊಕ್ಕೆ ಎಲ್ಲಿ ಸಿಗುತ್ತೆ, ಸುಮ್ನಿರು" ಅಂದರು. ಪಲ್ಯ ಚೆನ್ನಾಗಿದೆ ಎಂದೂ ಅಂದರು.

ಈ ಮನುಷ್ಯನ ಪಕ್ಕದಲ್ಲಿ ಮಲಗುವುದಿಲ್ಲ. ದೇವರ ಕೋಣೆಯಲ್ಲಿ ಚಾಪೆ ಹಾಕಿಕೊಂಡಿದ್ದೇನೆ.

ಅಕ್ಟೋಬರ್ 30, ಗುರುವಾರ

ಶಾಲೆಗೆ ರಜೆ ಹಾಕಿ ಜೈಲಿಗೆ ಹೋಗಿದ್ದೆ. ಮನೆಯಲ್ಲಿ ಹೇಳಿಲ್ಲ. ಒಂದೂವರೆ ವರ್ಷದಲ್ಲಿ ಇದೇ ಮೊದಲು.

ಸಾಲಿನಲ್ಲಿ ಮೂರು ಗಂಟೆ. ಹೆಂಗಸರೇ ಹೆಚ್ಚು. ಬೆವರು, ಫಿನಾಯಿಲು, ಯಾರದೋ ಚೀಲದಲ್ಲಿ ಕಳಿತ ಬಾಳೆಹಣ್ಣು. ಒಬ್ಬಳು ಯಾರಿಗೆ ಬಂದದ್ದು ಎಂದು ಕೇಳಿದಳು. ಭಾವನಿಗೆ ಎಂದೆ. ಒಳ್ಳೇವ್ರು ನೀವು, ಭಾವನ್ನ ನೋಡೋಕೆ ಯಾರು ಬರ್ತಾರೆ ಅಂದಳು. ಮುಖ ತಿರುಗಿಸಿಕೊಂಡೆ.

ಗಾಜಿನ ಆಚೆ ಭಾವ ಬಂದು ಕೂತರು. ತೆಳ್ಳಗಾಗಿದ್ದಾರೆ. ಇಬ್ಬರೂ ಫೋನು ಎತ್ತಿಕೊಂಡೆವು. ಮಾತ್ರೆ ಉಗಿಯುತ್ತಿದ್ದೀರಾ ಎಂದು ಕೇಳಿದೆ. ಎರಡು ದಿನ ಉಗಿದೆ, ಮಹಾನಂದ ಹೇಳಿದ್ದನಲ್ಲ ಅಂದರು. ನಿನ್ನೆಯಿಂದ ಗೋಡೆಯಾಚೆ ಮತ್ತೆ ಗುಸುಗುಸು ಶುರುವಾಗಿದೆಯಂತೆ. ಅದನ್ನು ಹೇಳುವಾಗ ಮಳೆ ಬರುವ ಹಾಗಿದೆ ಅನ್ನುವಷ್ಟೇ ಸಾಧಾರಣವಾಗಿ ಹೇಳಿದರು.

ಉಗಿಯಬೇಡಿ, ಇವತ್ತಿಂದಲೇ ನುಂಗಿ, ಕೋರ್ಟಿಗೆ ಏನು ಹೇಳಬೇಕೋ ನಾನು ಹೇಳುತ್ತೇನೆ ಎಂದೆ. ತಲೆಯಾಡಿಸಿದರು. ಆಮೇಲೆ ಅವರಾಗಿಯೇ ಹೇಳಿದರು: "ಇಲ್ಲಿ ಹೆಸರು ಕೂಗಿ ಕೊಡ್ತಾರೆ ರಂಜಿನಿ. ಕೈಗೇ ಕೊಡ್ತಾರೆ. ಇದು ಮಾತ್ರೆ, ಇದು ಇಂಥದಕ್ಕೆ ಅಂತ ಡಾಕ್ಟ್ರು ಹೇಳಿದ್ರು. ನನಗೆ ಒಂದು ಕಾಯಿಲೆ ಇದೆಯಂತೆ."

ನಲವತ್ತೊಂಬತ್ತು ವರ್ಷದ ಮನುಷ್ಯನಿಗೆ ಅದನ್ನು ಮೊದಲ ಸಲ ಹೇಳಿದವರು ಜೈಲಿನ ಡಾಕ್ಟರು. ಆಗ ನನಗೆ ತಡೆಯಲಾಗಲಿಲ್ಲ. ನಿಮಗೆ ಮೊದಲೂ ಕೊಡುತ್ತಿದ್ದೆವು, ಒಂಬತ್ತು ವರ್ಷ, ಮಜ್ಜಿಗೆಯಲ್ಲಿ, ಪುಡಿ ಮಾಡಿ ಹಾಕುತ್ತಿದ್ದದ್ದು ನಾನೇ ಎಂದೆ.

ಅವರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಿದ್ದರೆ ಒಳ್ಳೆಯದಿತ್ತು.

"ನನಗೆ ಗೊತ್ತಿತ್ತು," ಅಂದರು. "ಮಜ್ಜಿಗೇಲಿ ಏನೋ ಹಾಕ್ತಾರೆ ಅಂತ ಬಡ್ಕೊಂಡೆ. ಎಲ್ಲಾರೂ ಸೇರಿ ನಿನಗೆ ಭ್ರಮೆ ಅಂದ್ರಿ."

ಹೌದು ಎಂದೆ.

"ಹಾಗಾದ್ರೆ ಚಿಕ್ಕಮುನಿಯಮ್ಮ ಹಾಕಿರ್ಲಿಲ್ಲ."

ಅವರು ಗಾಜಿನ ಹತ್ತಿರಕ್ಕೆ ಬಂದು ನನ್ನ ಮುಖವನ್ನೇ ನೋಡಿದರು. "ಅವಳು ಹಾಕಿದ್ದು ಅಂತ ನೀನೇ ಅಲ್ವಾ ಹೇಳಿದ್ದು?" ಅಂದರು. ದೂರಿನ ದನಿಯಿರಲಿಲ್ಲ. ತನಗೆ ಸರಿಯಾಗಿ ನೆನಪಿದೆಯೋ ಇಲ್ಲವೋ ಎಂದು ವಿಚಾರಿಸಿಕೊಳ್ಳುವ ಹಾಗೆ ಕೇಳಿದರು. ಅಷ್ಟರಲ್ಲಿ ಟೈಮಾಯಿತು ಎಂದು ಎಬ್ಬಿಸಿದರು. ಭಾವ ಎದ್ದು ಹೋಗುವಾಗ ಕೈ ಮುಗಿದರು, ಜಡ್ಜಿಗೆ ಮುಗಿದ ಹಾಗೆಯೇ ಇರಬೇಕು.

ಬಸ್ಸಿನಲ್ಲಿ ಬರುವಾಗ ಬಾಯೆಲ್ಲ ಕಹಿ. ಒಂದು ಬಾಟಲಿ ನೀರು ಕುಡಿದರೂ ಹೋಗಲಿಲ್ಲ.

ಅಕ್ಟೋಬರ್ 31, ಶುಕ್ರವಾರ

ಅವಳನ್ನೇ ಯಾಕೆ ಎಂದು ಯಾರಿಗೂ ಗೊತ್ತಿಲ್ಲ ಎಂದು ಸೆಪ್ಟೆಂಬರಿನಲ್ಲಿ ಬರೆದಿದ್ದೇನೆ. ಸುಳ್ಳು. ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಥೂ.

ಅದು ಕೊಲೆಗೆ ನಾಲ್ಕು ತಿಂಗಳು ಮುಂಚೆ, ಡಿಸೆಂಬರಿನ ಒಂದು ಬೆಳಿಗ್ಗೆ. ಭಾವ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದರು. ತಳದಲ್ಲಿ ಬಿಳಿ ಪುಡಿ ನಿಂತಿತ್ತು, ಅವತ್ತು ಸರಿಯಾಗಿ ಕಲಸಿರಲಿಲ್ಲ. ಇದೇನು ಎಂದು ಕೇಳಿದರು. ನನಗೆ ಏಳೂಕಾಲಿನ ಬಸ್ಸು ಹಿಡಿಯಬೇಕಿತ್ತು. ಹಿತ್ತಿಲ ಬಾಗಿಲ ಕಟ್ಟೆಯ ಮೇಲೆ ಮಜ್ಜಿಗೆ ಪಾತ್ರೆ, ಅದರ ಪಕ್ಕ ಆಗಷ್ಟೇ ಚಿಕ್ಕಮುನಿಯಮ್ಮ ಇಟ್ಟುಹೋದ ಹೂವು. ಬಾಗಿಲಿಂದ ಒಳಗೆ ಅವಳನ್ನು ಯಾವತ್ತೂ ಸೇರಿಸಿರಲಿಲ್ಲ, ಹೂವನ್ನು ಆ ಕಟ್ಟೆಯ ಮೇಲೇ ಇಡಬೇಕಿತ್ತು. "ನನಗೇನ್ ಗೊತ್ತು ಭಾವ, ಆ ಹೂವಿನವಳು ಬಂದಿದ್ಲಲ್ಲ, ಅವಳ ಕೈಯಿಂದ ಏನಾದ್ರೂ ಬಿದ್ದಿರುತ್ತೆ" ಅಂದೆ. ಲೋಟ ಕಿತ್ತುಕೊಂಡು ತೊಳೆದಿಟ್ಟು ಬಸ್ಸಿಗೆ ಓಡಿದೆ. ಅಷ್ಟೇ. ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅವಳ ಮೇಲೆ ಹೇಳಿದರೆ ಯಾರು ಕೇಳುತ್ತಾರೆ.

ಮಾರನೇ ದಿನದಿಂದ ಭಾವ ಕೇಳತೊಡಗಿದರು, ಆಕೆ ಬಂದಿದ್ದಳಾ, ಯಾವ ಕಡೆ ನಿಂತಿದ್ದಳು. ದಿನಾ ಕೇಳಿದರು. ಬಂದಿದ್ದಳು ಎಂದು ದಿನಾ ಹೇಳಿದೆ. ಪುಡಿಯ ಮಾತು ಮತ್ತೆ ಬರಲಿಲ್ಲವಲ್ಲ, ಅದೇ ನನಗೆ ಬೇಕಿತ್ತು. ಜನವರಿಯಲ್ಲಿ ಮಾತ್ರೆ ನಿಂತಿತು. ನಾನು ಹೋಗಲಿಲ್ಲ.

ಚಿಕ್ಕಮುನಿಯಮ್ಮ ಮೊಳ ಹಾಕುವಾಗ ನನಗೆ ಅಂತ ಒಂದು ಗೇಣು ಜಾಸ್ತಿ ಬಿಡುತ್ತಿದ್ದಳು. ಟೀಚರಕ್ಕಂಗೆ ಜಡೆ ಉದ್ದ ಅನ್ನುತ್ತಿದ್ದಳು.

ನವೆಂಬರ್ 12, ಬುಧವಾರ

ಸಾಕ್ಷಿ ಹೇಳಿದೆ.

ಭಾವ ಕಟಕಟೆಯಲ್ಲಿ ಶುಭ್ರವಾಗಿ ನಿಂತಿದ್ದರು. ಮಹಾನಂದರ ಮುಖ ಸಪ್ಪಗಾಯಿತು. ನನಗೆ ಒಳಗೇ ಸಂತೋಷವಾಯಿತು, ಇವತ್ತಿನ ಒಂದೇ ಸಂತೋಷ.

ವೀರಭದ್ರಯ್ಯನವರು ಕೇಳಿದ್ದಕ್ಕೆಲ್ಲ ನಿಜ ಹೇಳಿದೆ. ಫೈಲು ನನ್ನದಲ್ಲ ಎಂದೆ, ಪುಡಿಯ ವಿಷಯ ಹೇಳಿದೆ, ಅದನ್ನು ಹೂವಿನವಳು ಹಾಕುತ್ತಾಳೆ ಎಂದು ಭಾವ ನಂಬಿದ್ದರು ಎಂದೆ, ಮಾತ್ರೆ ನಿಂತದ್ದು ನಾನು ಹೋಗದೆ ಇದ್ದದ್ದರಿಂದ ಎಂದೆ. ಇಷ್ಟೆಲ್ಲ ಬೇಕಿರಲಿಲ್ಲ ಎಂದು ಅವರು ಕಣ್ಣಲ್ಲೇ ಹೇಳುತ್ತಿದ್ದರು. ಆಮೇಲೆ ಸರ್ಕಾರಿ ವಕೀಲರು ಎದ್ದರು. ವಯಸ್ಸಾದವರು, ಮೆತ್ತಗಿನ ಮಾತು.

"ಈ ಫೈಲಿನ ಪ್ರಕಾರ ಕಿವೀಲಿ ಧ್ವನಿ ಕೇಳ್ಸೋದು ಯಾರಿಗೆ?"

"ಫೈಲಿನ ಪ್ರಕಾರ ನನಗೆ."

ಹಿಂದೆ ಯಾರೋ ನಕ್ಕರು. ಹಾಗಾದರೆ ನೀವು ಸುಳ್ಳು ಹೇಳಿದ್ದು ಡಾಕ್ಟರಿಗೋ, ಈ ಕೋರ್ಟಿಗೋ ಎಂದರು. ಡಾಕ್ಟರಿಗೆ ಎಂದೆ. ಒಂಬತ್ತು ವರ್ಷ ತಪ್ಪದೆ ಸುಳ್ಳು ಹೇಳಿದವರು ಇವತ್ತು ಒಂದಿನ ನಿಜ ಹೇಳುತ್ತೀರಿ ಎಂದು ಯಾಕೆ ನಂಬಬೇಕು ಎಂದು ಕೇಳಿದರು. ಇವತ್ತಿನ ಮಾತಿನಿಂದ ನನಗೆ ನಷ್ಟವೇ ಹೊರತು ಲಾಭವಿಲ್ಲ ಸರ್ ಎಂದೆ. ಜಡ್ಜು ತಲೆಯೆತ್ತಿ ನೋಡಿದರು. ಅದನ್ನೂ ಬರೆಸಿಕೊಂಡರು.

ಇಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ಸರ್ಕಾರಿ ವಕೀಲರು ಚಿಕ್ಕಮುನಿಯಮ್ಮನ ಹೆಸರು ಎತ್ತಿದರು. ಆಕೆ ಮಜ್ಜಿಗೆಗೆ ಏನೋ ಹಾಕುತ್ತಾಳೆ ಎಂದು ಆರೋಪಿ ನಂಬಿದ್ದ ಎನ್ನುತ್ತೀರಿ, ಆ ನಂಬಿಕೆ ಅವನಿಗೆ ಎಲ್ಲಿಂದ ಬಂತು ಎಂದರು. ಕೊನೆಯ ಬೆಂಚಿನಲ್ಲಿ ಕೋಕಿಲಾ ಕೂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಭಾವ ಕೂಡ ನೋಡುತ್ತಿದ್ದರು.

ಮನೆಯಲ್ಲಿ ಯಾರೋ ಹೇಳಿರಬಹುದು ಎಂದೆ.

ಟೈಪಿಸ್ಟ್ ಟಕಟಕ ಹೊಡೆದ. ಸರ್ಕಾರಿ ವಕೀಲರು ಇನ್ನೇನೂ ಇಲ್ಲ ಎಂದು ಕೂತರು. ಅವರಿಗೆ ಅದು ಮುಖ್ಯವೇ ಆಗಿರಲಿಲ್ಲ. ಭಾವ ತಲೆ ತಗ್ಗಿಸಿದರು. ಅವರು ಒಂದು ಮಾತು ಕೂಗಿ ಹೇಳಿದ್ದರೆ ಆಗುತ್ತಿತ್ತು, ಇವಳೇ ಹೇಳಿದ್ದು ಅಂತ. ಹೇಳಲಿಲ್ಲ.

ಬೋಂಡದ ಎಣ್ಣೆಯನ್ನು ಫೋಟೋಗೆ ಒರೆಸಿದ ಗಂಡನನ್ನು ನೋಡಿ ಹೇಸಿಕೊಂಡಿದ್ದೆ. ನಾನು ಒರೆಸಿದ್ದು ಕೋರ್ಟಿನ ಕಾಗದಕ್ಕೆ.

ನವೆಂಬರ್ 15, ಶನಿವಾರ

ನಿನ್ನೆ ಮಕ್ಕಳ ದಿನಾಚರಣೆ ಮುಗಿಸಿ ಕೈ ತೊಳೆಯುತ್ತಿದ್ದಾಗ ಮುಖ್ಯೋಪಾಧ್ಯಾಯರು ಕರೆದರು. ರೆಸ್ಟ್ ತಗೊಳ್ಳಿ ಮೇಡಂ, ಪೋಷಕರು ಕೇಳ್ತಿದಾರೆ ಎಂದರು. ಫೈಲು ನನ್ನದಲ್ಲ ಎಂದು ವಾದಿಸಲು ಹೋಗಲಿಲ್ಲ. ಎಂಟನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದಿ ಕೊಟ್ಟು ಬಂದೆ.

ಮನೆಯಲ್ಲಿ ಅತ್ತೆ ಚೈತನ್ಯಾಳೊಂದಿಗೆ ಫೋನಿನಲ್ಲಿದ್ದರು. ಮನೆ ಮರ್ಯಾದೆಯನ್ನು ಬೀದಿಗೆ ಎಳೆದಳು ಅಂತ. ಬೀದಿಯಲ್ಲಿ ಬಿದ್ದವಳ ಬಗ್ಗೆ ಒಂದು ಮಾತಿಲ್ಲ.

ಡಿಸೆಂಬರ್ 9, ಮಂಗಳವಾರ

ಇವತ್ತು ರಸ್ತೆ ದಾಟಲಿಲ್ಲ. ಕೋಕಿಲಾಳ ಬುಟ್ಟಿಯ ಎದುರು ನಿಂತು ಎರಡು ಮೊಳ ಕಾಕಡ ಎಂದೆ. ಅವಳು ಹೂವು ಕಟ್ಟುತ್ತಲೇ ಇದ್ದಳು. ನನ್ನ ಹಿಂದೆ ಬಂದವರಿಗೆ ಅಳೆದು ಕೊಟ್ಟಳು, ಅವರ ಹಿಂದಿನವರಿಗೂ ಕೊಟ್ಟಳು. ಹತ್ತು ನಿಮಿಷ ನಿಂತು ವಾಪಸ್ಸು ಬಂದೆ. ಸರಿಯಾಗಿಯೇ ಮಾಡಿದಳು.

ಗುರುವಾರಗಳಲ್ಲಿ ಭಾವನನ್ನು ನೋಡಿಬರುತ್ತೇನೆ. ನನ್ನ ಹೇಳಿಕೆಯ ಬಗ್ಗೆ ಅವರು ಏನೂ ಕೇಳಿಲ್ಲ. ಹೋದ ವಾರ, ಆಕೆಗೆ ಒಬ್ಬಳೇ ಮಗಳಾ ಎಂದರು. ಹೌದು ಎಂದೆ.

ಫೆಬ್ರವರಿ 6, ಶುಕ್ರವಾರ

ತೀರ್ಪು ಬಂತು.

ಜಡ್ಜು ಇಂಗ್ಲಿಷಿನಲ್ಲಿ ಅರ್ಧ ಗಂಟೆ ಓದಿದರು. ಜೈಲಿನ ಡಾಕ್ಟರ ವರದಿಯನ್ನು, ನನ್ನ ಹೇಳಿಕೆಯನ್ನು, ನಲ್ಲಿಯ ಕೆಳಗೆ ಹೂವು ತೊಳೆದದ್ದನ್ನು ಒಟ್ಟಿಗೆ ಇಟ್ಟು ನೋಡಿದರೆ, ಆ ಗಳಿಗೆಯಲ್ಲಿ ಆರೋಪಿಗೆ ತಾನು ಮಾಡುವುದು ತಪ್ಪೆಂದು ತಿಳಿಯುವ ಶಕ್ತಿಯಿರಲಿಲ್ಲ ಎಂದರು. ಖುಲಾಸೆ. ಆದರೆ ಬಿಡುಗಡೆಯಲ್ಲ. ಮಾನಸಿಕ ಆಸ್ಪತ್ರೆಯಲ್ಲಿ ಕಾವಲಿನಲ್ಲಿ ಇಡಬೇಕು. ನೋಡಿಕೊಳ್ಳುತ್ತೇವೆ ಎಂದು ಮನೆಯವರು ಬರೆದುಕೊಟ್ಟು ಅರ್ಜಿ ಹಾಕಿದರೆ ಆಮೇಲೆ ಯೋಚಿಸಬಹುದು.

ಅರ್ಜಿ ರೆಡಿ ಮಾಡಲಾ ಎಂದರು ವೀರಭದ್ರಯ್ಯ. ಮಹಾನಂದ ನೋಡೋಣ ಸರ್, ಅರ್ಜೆಂಟೇನಿದೆ ಅಂದರು. ಅತ್ತೆ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು, "ಸದ್ಯ ಜೈಲು ತಪ್ಪಿತು. ಮನೆಗೂ ಬರಲ್ಲ" ಅಂದರು. ಒಂದೇ ಉಸಿರಿನಲ್ಲಿ. ಅರ್ಜಿಯ ಕಾಗದ ನನಗೆ ಕೊಡಿ ಎಂದು ವಕೀಲರನ್ನು ಕೇಳಿ ಚೀಲದಲ್ಲಿ ಇಟ್ಟುಕೊಂಡೆ. ಭಾವನನ್ನು ಕರೆದುಕೊಂಡು ಹೋಗುವಾಗ ಅವರು ನಮ್ಮ ಕಡೆ ನೋಡಲಿಲ್ಲ. ಕೋಕಿಲಾ ಕೂತಿದ್ದ ಬೆಂಚಿನ ಎದುರು ನಿಂತುಬಿಟ್ಟರು. ಪೊಲೀಸಿನವರು ತೋಳು ಹಿಡಿದು ಮುಂದಕ್ಕೆ ನಡೆಸಿದರು.

ಹೊರಗೆ ಮೆಟ್ಟಿಲ ಮೇಲೆ ಮಹಾನಂದ ಮೈಸೂರು ಪಾಕಿನ ಡಬ್ಬ ತೆರೆದರು. ಮೊದಲೇ ತಂದಿಟ್ಟುಕೊಂಡಿದ್ದರು. ಜೂನಿಯರ್ ವಕೀಲರು, ಗುಮಾಸ್ತರು, ಯಾರೋ ದಾರಿಹೋಕರು, ಎಲ್ಲರ ಕೈಯಲ್ಲೂ ತುಪ್ಪ. ನನ್ನ ಮುಂದೂ ಡಬ್ಬ ಬಂತು. ನಾನು ಕೆಳಗೆ ಇಳಿದು ಹೋದೆ.

ಕೊನೆಯ ಮೆಟ್ಟಿಲ ಹತ್ತಿರ ಕೋಕಿಲಾ ನಿಂತಿದ್ದಳು. ನನಗಾಗಿಯೇ ನಿಂತಿದ್ದಳು. ಇಂಗ್ಲಿಷಿನಲ್ಲಿ ಓದಿದ್ದು ತಿಳಿಯಲಿಲ್ಲ, ಏನು ಬರೆದಿದ್ದಾರೆ ಎಂದು ಕೇಳಿದಳು. ಹೊಡೆದದ್ದು ಅವರೇ, ಅದರಿಂದಲೇ ನಿಮ್ಮಮ್ಮ ಸತ್ತದ್ದು, ಆದರೆ ತಪ್ಪು ಅವರದಲ್ಲ ಎಂದು ಬರೆದಿದ್ದಾರೆ ಎಂದೆ.

"ಹಂಗಾರೆ ತಪ್ಪು ಯಾರ್ದು ಅಂತ ಬರ್ದವ್ರೆ?"

ಬರೆದಿಲ್ಲ ಎಂದೆ. ಅದನ್ನು ಬರೆಯುವುದು ಈ ಕೇಸಿನಲ್ಲಿ ಬರುವುದಿಲ್ಲ ಎಂದೂ ಸೇರಿಸಿದೆ. ಪಾಠ ಹೇಳುವ ಬಾಯಿ.

"ಅವತ್ತು ಮನೇಲಿ ಯಾರೋ ಹೇಳಿರ್ಬೋದು ಅಂದ್ರಿ. ನಾನು ಹಿಂದ್ಗಡೆ ಕುಂತಿದ್ದೆ. ಆ ಯಾರೋ ಅಂದ್ರೆ ಯಾರು ಅಕ್ಕ?"

ತಪ್ಪು ನಮ್ಮದು ಕೋಕಿಲಾ, ನಮ್ಮ ಮನೆಯವರದು ಎಂದೆ. ಮೇಲಿನಿಂದ ಮಹಾನಂದ ಬಾ ಬಾ ಎಂದು ಕರೆಯುತ್ತಿದ್ದರು.

"ನಮ್ದು ಅನ್ಬ್ಯಾಡಿ. ನಿಮ್ಮನೇಲಿ ನಾಕು ಜನ ಅವ್ರೆ, ಹಂಚ್ಕಂಡ್ರೆ ಎಲ್ಲಾರ್ಗೂ ಚೂರ್‌ಚೂರೇ ಆಯ್ತದೆ. ನಮ್ಮವ್ವ ಒಬ್ಳೇ ಸತ್ತಿದ್ದು. ಒಂದು ಹೆಸ್ರು ಹೇಳಿ."

ನಾನೇ ಎಂದೆ. ಅವಳು ಕದಲಲಿಲ್ಲ. ಅವಳ ತಾಯಿಯಿಂದ ಹಿಡಿದು ಆ ಬೀದಿಗೆಲ್ಲ ನಾನು ಟೀಚರಕ್ಕ, ಅವಳಿಗೆ ನನ್ನ ಹೆಸರು ಗೊತ್ತಿಲ್ಲ ಎನ್ನುವುದು ಆಗ ತಿಳಿಯಿತು.

ಶಿವರಂಜಿನಿ ಎಂದೆ. ಪುಡಿ ಹಾಕಿದವಳೂ ನಾನೇ, ನಿಮ್ಮಮ್ಮನ ಮೇಲೆ ಹೇಳಿದವಳೂ ನಾನೇ ಎಂದೆ.

ಕೋಕಿಲಾ ನನ್ನ ಹೆಸರನ್ನು ಒಂದು ಸಲ ತನ್ನ ಬಾಯಲ್ಲೇ ಹೇಳಿಕೊಂಡಳು, ಮರೆಯದ ಹಾಗೆ. ಆಮೇಲೆ ಬಸ್ಸಿಗೆ ಹೋದಳು.